ಮರಳಿ ಬಂದ ಚಾರ್‌ಮಿನಾರ್ ರೂಪಾಯಿ

ನಾಣ್ಯದ ವ್ಯಾಪಾರಕ್ಕೆ ಇಳಿಯಬೇಕೆಂದಿರುವ ಹುಡುಗ ಹುಡುಗಿಯರು ಈಗಲೂ ವಿಳಾಸ ಹುಡುಕಿಕೊಂಡು ಹೈದರಾಬಾದಿನ ಕಾಚಿಗುಡದ ನನ್ನ ಮನೆಗೆ ಬರುತ್ತಾರೆ. ಯಾವ ನಾಣ್ಯಕ್ಕೆ ಮುಂದೆ ಬೆಲೆ ಏರೀತು, ಯಾವ ದೇಶದ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕೀತು, ತರಿಸುವಾಗ ಕಸ್ಟಮ್ಸ್‌ನವರ ಕಾಟ ತಪ್ಪಿಸುವುದು ಹೇಗೆ ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಹೇಳಲೇಬೇಕಾದ ಒಂದು ವಿಷಯವನ್ನು ಮಾತ್ರ ನುಂಗಿಕೊಂಡು ಅವರನ್ನು ಬಾಗಿಲವರೆಗೆ ಕಳಿಸಿ ಬರುತ್ತೇನೆ. ಎದುರಿಗೆ ಕೂತವರ ಮುಖ ನೋಡುತ್ತ ಅದನ್ನು ಹೇಳುವ ಧೈರ್ಯ ನನಗಿಲ್ಲ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ.

ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯಿಂದ ನಡೆದುಹೋಗುವಷ್ಟು ದೂರದಲ್ಲಿ, ಹಳೆಯ ಪುಸ್ತಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸಂಗಪ್ಪ ಸಾಹುಕಾರರ ನಾಣ್ಯದಂಗಡಿ ಇತ್ತು. ಅವರು ಬಾಗಲಕೋಟೆ ಕಡೆಯವರು. ಅವರ ತಂದೆ ಇಳಕಲ್ಲ ಸೀರೆಗಳನ್ನು ತಂದು ಹೈದರಾಬಾದಿನಲ್ಲಿ ಮಾರುತ್ತಿದ್ದರಂತೆ. ಸೀರೆ ಕೊಂಡ ಹಳೆಯ ಮನೆತನದ ಹೆಂಗಸರು ಕೆಲವೊಮ್ಮೆ ನೋಟಿನ ಬದಲು ಪೆಟ್ಟಿಗೆಯೊಳಗಿನ ಬೆಳ್ಳಿ ರೂಪಾಯಿ ಕೊಡುತ್ತಿದ್ದರು. ಹಾಗೆ ಕೂಡಿದ ರೂಪಾಯಿಗಳಿಂದ ಮಗ ಬೇರೆ ವ್ಯಾಪಾರವನ್ನೇ ಹೂಡಿದರು. ನಾನು ಬೀದರಿನವಳು. ಮದುವೆಯಾಗಿ ಈ ಊರಿಗೆ ಬಂದವಳು. ಇಂಗ್ಲಿಷ್ ಟೈಪಿಂಗ್ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಆ ಮೆಟ್ಟಿಲು ಹತ್ತಿದೆ.

‘ಟೈಪಿಂಗ್ ಬರ್ತೈತೇನ್ ತಂಗಿ?’ ಎಂದು ಕೇಳಿದರು ಸಾಹುಕಾರರು.

‘ಬರ್ತದ್ರಿ.’

‘ಬಾಯಿ ಬಿಗಿ ಹಿಡಿಯಾಕ ಬರ್ತೈತೇನ್? ಯಾರ ಮನ್ಯಾಗ ಏನೈತಿ ಅನ್ನೂದು ಇಲ್ಲಿಂದ ಹೊರಗ ಹೋಗಬಾರದು. ಹೋತಂದ್ರ ಅವರ ಮನಿಗೆ ಕಳ್ಳರು ಬರ್ತಾರ.’

ಅದೂ ಬರುತ್ತದೆಂದೆ. ಮರುದಿನದಿಂದ ಕೆಲಸ.

ಆಗಿನ ಕೆಲಸ ಎಂದರೆ ಪತ್ರ. ಲಂಡನ್, ಸಿಂಗಪುರ, ಜರ್ಮನಿಯ ವ್ಯಾಪಾರಿಗಳಿಗೆ ತೆಳು ಹಾಳೆಯ ಮೇಲೆ ಪತ್ರ ಬರೆದು, ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ಒಳಗಿಟ್ಟು ಕಳಿಸುವುದು. ಉತ್ತರ ಬರಲು ತಿಂಗಳು ಹಿಡಿಯುತ್ತಿತ್ತು. ಅಷ್ಟರೊಳಗೆ ಆ ನಾಣ್ಯವನ್ನು ದಿನಕ್ಕೆ ನಾಲ್ಕು ಸಲ ನೋಡಿರುತ್ತಿದ್ದೆವು. ಗೊತ್ತಿಲ್ಲದೆಯೇ ಕಣ್ಣು ಪಳಗಿತು. ಪಾರ್ಸೆಲ್ ತೆಗೆದುಕೊಂಡು ಅಂಚೆ ಕಚೇರಿಗೆ ಹೋದರೆ ಕೌಂಟರಿನ ತೆಲುಗು ಹೆಂಗಸು ‘ಏಮಮ್ಮಾ, ಮಳ್ಳೀ ಬಿಳ್ಳಲೇನಾ?’ ಎಂದು ನಗುತ್ತಿದ್ದಳು. ಮತ್ತೆ ನಾಣ್ಯಗಳೇನಾ ಎಂದು.

ಮೊದಲ ವರ್ಷವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ನೂರು ವರ್ಷ ದಾಟಿದ ನಾಣ್ಯ ನಮ್ಮ ದೇಶ ಬಿಟ್ಟು ಹೋಗಕೂಡದೆಂದು ಕಾನೂನಿದೆ. ಹೊರಗಿನಿಂದ ಒಳಗೆ ತರಬಹುದು, ಸುಂಕ ಕಟ್ಟಬೇಕು. ಹೊರಗೆ ಕಳಿಸುವುದಾದರೆ ಅದು ನೂರರೊಳಗಿನದಾಗಿರಬೇಕು. ಈ ಗೆರೆ ಪ್ರತಿ ವರ್ಷ ಒಂದೊಂದು ವರ್ಷ ಮುಂದೆ ಸರಿಯುತ್ತದೆ. ಈ ವರ್ಷ ಕಳಿಸಬಹುದಾದದ್ದನ್ನು ಮುಂದಿನ ವರ್ಷ ಕಳಿಸಲಾಗುವುದಿಲ್ಲ. ಹೈದರಾಬಾದಿನ ಹಳೆಯ ನಾಣ್ಯಗಳ ಮೇಲಿರುವುದು ಹಿಜರಿ ವರ್ಷ. ಅದು ಚಂದ್ರನ ಲೆಕ್ಕದ್ದು, ನಮ್ಮ ವರ್ಷಕ್ಕಿಂತ ಹನ್ನೊಂದು ದಿನ ಗಿಡ್ಡ. ನಾನು ಅದನ್ನು ಲೆಕ್ಕಕ್ಕೆ ಹಿಡಿಯದೆ, ಹಿಜರಿ ಶುರುವಾದ ಇಸವಿಯನ್ನು ನೇರ ಕೂಡಿಸಿಬಿಟ್ಟೆ. ನೂರು ದಾಟಿದ ರೂಪಾಯಿ ನನ್ನ ಕಾಗದದ ಮೇಲೆ ಹೆಚ್ಚುಕಡಿಮೆ ನಲವತ್ತು ವರ್ಷ ಎಳೆಯದಾಯಿತು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿತ್ತು. ಕಳ್ಳಸಾಗಣೆಯ ಮಾತು ಬಂತು. ಕಾಗದದ ಕೆಳಗಿದ್ದದ್ದು ನನ್ನ ಸಹಿ.

ವಿಚಾರಣೆಗೆ ಸಾಹುಕಾರರೇ ಹೋದರು. ಒಂದು ಸಲವಲ್ಲ, ವರ್ಷವಿಡೀ ಕರೆದಾಗಲೆಲ್ಲ ಹೋದರು. ಲೆಕ್ಕ ಹಾಕಿದ್ದು ತಾವೇ, ಹುಡುಗಿ ತಾವು ಹೇಳಿದ್ದನ್ನು ಟೈಪ್ ಮಾಡಿದಳು ಎಂದು ಬರೆದುಕೊಟ್ಟರು. ದಂಡ ಬಿತ್ತು, ನಾಣ್ಯ ಜಪ್ತಿಯಾಯಿತು. ನಾನು ಅಳುತ್ತ ಕ್ಷಮೆ ಕೇಳಿದಾಗ, ‘ನನ್ನ ಅಂಗಡ್ಯಾಗ ಕುಂತು ಮಾಡಿದ ತಪ್ಪು ನಂದ ತಪ್ಪು ತಂಗಿ. ಅಳೂದು ಬಿಟ್ಟು ಲೆಕ್ಕಾ ಕಲಿ’ ಎಂದರು. ಮುಂದೆ ಮೂವತ್ತು ವರ್ಷ ಅವರ ಮಾತಿಗೆ ನಾನು ಎದುರಾಡಲಿಲ್ಲ. ಅದಕ್ಕೆ ಕಾರಣ ಇದು. ಉಪಕಾರ ಮಾಡಿದವರ ಕೈಕೆಳಗೆ ಕೆಲಸ ಮಾಡುವುದು ಒರಟರ ಕೈಕೆಳಗೆ ಕೆಲಸ ಮಾಡುವುದಕ್ಕಿಂತ ಕಷ್ಟ. ಒರಟರಿಗೆ ಇಲ್ಲ ಅನ್ನಬಹುದು.

ಫ್ಯಾಕ್ಸ್ ಬಂದ ಕಾಲಕ್ಕೆ ಹೊರದೇಶದ ಒಬ್ಬ ವ್ಯಾಪಾರಿಯಿಂದ ಹೊಸ ಬಗೆಯ ಬೇಡಿಕೆ ಬಂತು. ನಿಜಾಮರ ಕಾಲದ ಚಾರ್‌ಮಿನಾರ್ ರೂಪಾಯಿಯನ್ನು ಸಗಟಾಗಿ ಹೊಡೆಯುವ ಮೊದಲು, ಹೀಗೆ ಕಾಣುತ್ತದೆ ಎಂದು ತೋರಿಸಲು ಹೊಡೆದ ನಮೂನೆಗಳು ಕೆಲವೇ ಕೆಲವು. ಅಂಥದೊಂದು ಹಳೆ ಊರಿನ ಮನೆತನವೊಂದರಲ್ಲಿತ್ತು. ನಾವು ಅದರ ಪೆನ್ಸಿಲ್ ಅಚ್ಚನ್ನು ಹಿಂದೊಮ್ಮೆ ಕಳಿಸಿದ್ದೆವು. ಅಸಲಿ ಸಿಗದಿದ್ದರೆ ಅದರ ಐವತ್ತು ನಕಲುಗಳನ್ನು ಬೆಳ್ಳಿಯಲ್ಲಿ ಮಾಡಿಸಿ ಕಳಿಸಿ, ನನ್ನ ಗಿರಾಕಿಗಳಿಗೆ ನೆನಪಿನ ಕಾಣಿಕೆಯಾಗಿ ಮಾರುತ್ತೇನೆ ಎಂದು ಆತ ಬರೆದಿದ್ದ. ನಕಲೆಂದು ಗುರುತು ಹಾಕಿ ಮಾರುವುದು ತಪ್ಪಲ್ಲ. ಸಾಹುಕಾರರು ಒಪ್ಪಿದರು. ಮನೆತನದವರು ಎರಡು ವಾರದ ಮಟ್ಟಿಗೆ ಅಸಲಿಯನ್ನು ಕೊಟ್ಟರು.

ಕೆಲಸ ವಹಿಸಿದ್ದು ಈರಣ್ಣ ಬಡಿಗೇರರಿಗೆ. ಗದಗಿನ ಕಡೆಯವರು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಅಚ್ಚು ಕೊರೆಯುವ ಕೆಲಸದಲ್ಲಿದ್ದು, ಅದನ್ನು ಬಿಟ್ಟು ನಾಚಾರಂನ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಹಿಡಿದು, ಶಾಲೆಗಳಿಗೆ ಪದಕ ಹೊಡೆದುಕೊಡುತ್ತಿದ್ದರು. ಒಂದು ತಿರುಗಣೆಯ ಪ್ರೆಸ್ಸು, ಒಂದು ಮೇಜು, ಮೇಜಿನ ಮೇಲೆ ಸಾಲಾಗಿ ಉಳಿಗಳು. ಅಕ್ಕಪಕ್ಕದ ಶೆಡ್ಡುಗಳ ಸದ್ದಿನಲ್ಲಿ ಅವರೊಬ್ಬರೇ ಉಸಿರು ಬಿಗಿಹಿಡಿದು ಉಕ್ಕಿನ ಮೇಲೆ ಕೂದಲಿನಷ್ಟು ತೆಳುವಾದ ಗೆರೆ ಎಳೆಯುತ್ತಿದ್ದರು.

ನಾನು ನೋಡಲು ಹೋದ ದಿನ ಅಚ್ಚು ಮುಗಿದಿತ್ತು. ಈರಣ್ಣನವರ ಮುಖ ಮಾತ್ರ ಬಾಡಿತ್ತು.

‘ಒಂದು ಕಡೆ ಕೈ ಜಾರ್ತು ನೋಡ್ರಿ ಅಕ್ಕಾರ’ ಎಂದು ಭೂತಗನ್ನಡಿ ಕೊಟ್ಟರು. ಬಲಗಡೆಯ ಮಿನಾರಿನ ಬುಡದಿಂದ ಸುತ್ತಿನ ಬಳೆಯವರೆಗೆ ಒಂದು ಸಣ್ಣ ಗೆರೆ. ಅಸಲಿಯಲ್ಲಿ ಅದಿಲ್ಲ. ‘ಹದಿನೈದು ದಿನ ಕೊಡ್ರಿ. ಇನ್ನೊಂದು ಅಚ್ಚು ಕೊರೀತೀನಿ.’

‘ನಕಲಿಗೆ ಇಷ್ಟು ಸಾಕು ಈರಣ್ಣ. ಅವರು ಅವಸರ ಮಾಡ್ಲಕತ್ತಾರ.’

‘ನಕಲಿ ಆದರೂ ನನ್ನ ಕೈಯಾಗಿಂದ ಹೋಗೂದಲ್ರೀ ಅದು.’

ಆದರೂ ನಾನು ಬೇಡವೆಂದೆ. ಈರಣ್ಣ ಇನ್ನೊಂದು ಮಾತೂ ಆಡಿದರು. ‘ಕಾಪಿ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ನಾಣ್ಯದ ಮುಖದ ಮೇಲೆಯೇ ಎದ್ದು ಕಾಣುವಂತೆ ಹಾಕೋಣ, ಅಂದರೆ ಯಾರೂ ಮೋಸ ಮಾಡಲಾರರು ಎಂದರು. ಮುಖ ಕೆಡುತ್ತದೆ, ಅಂಚಿನ ಮೇಲೆ ಹಾಕಿಸು ಎಂದು ಸಾಹುಕಾರರು ಮೊದಲೇ ಹೇಳಿದ್ದರು. ನಾನೇ ಟೈಪ್ ಮಾಡಿದ ಆರ್ಡರ್ ಪತ್ರದಲ್ಲೂ ಹಾಗೇ ಇತ್ತು. ಈರಣ್ಣ ಹಾಗೇ ಮಾಡಿದರು. ಐವತ್ತನ್ನೂ ಒಂದೊಂದಾಗಿ ಅಂಚು ತಿರುಗಿಸಿ ನೋಡಿ ನಾನು ಪ್ಯಾಕ್ ಮಾಡಿದೆ. ಹೊಸ ಕಾಲದ ನಕಲು ಎಂದು ಫಾರಂ ತುಂಬಿ ಅಬಿಡ್ಸ್‌ನಿಂದ ಕಳಿಸಿದೆ. ಹಣ ಬಂತು. ಅದನ್ನು ಮರೆತೆವು.

ಕಾಲ ಹೇಗೆ ಬದಲಾಯಿತು ಎಂಬುದನ್ನೂ ಹೇಳಬೇಕು. ಫ್ಯಾಕ್ಸ್ ಹೋಗಿ ಇಮೇಲ್ ಬಂತು. ಹರಾಜುಗಳು ಕಂಪ್ಯೂಟರಿನೊಳಗೆ ಬಂದವು. ನಾಣ್ಯವನ್ನು ಕೈಯಲ್ಲಿ ಹಿಡಿಯದೆ, ಪರದೆಯ ಮೇಲಿನ ಚಿತ್ರ ನೋಡಿ, ಗಡಿಯಾರದ ಮುಳ್ಳು ಓಡುತ್ತಿರುವಾಗ ಬೆಲೆ ಕೂಗುವುದು ರೂಢಿಯಾಯಿತು. ತಿಂಗಳುಗಟ್ಟಲೆ ನೋಡುತ್ತಿದ್ದ ಕಣ್ಣಿಗೆ ಈಗ ಕೆಲವು ನಿಮಿಷ. ವ್ಯಾಪಾರ ಹತ್ತು ಪಟ್ಟಾಯಿತು. ನಾನು ನೋಡುವುದು ಕಡಿಮೆಯಾಯಿತು. ಇದು ಆಗ ನನಗೆ ತಿಳಿಯಲಿಲ್ಲ.

ಕಟ್ಟಿ ಸರ್ ನಮ್ಮ ಅಂಗಡಿಯ ಹಳೆಯ ಗಿರಾಕಿ. ಧಾರವಾಡದವರು, ರಕ್ಷಣಾ ಇಲಾಖೆಯ ಘಟಕವೊಂದರಲ್ಲಿ ಉಪಕರಣಗಳನ್ನು ತಪಾಸಣೆ ಮಾಡುವ ಅಧಿಕಾರಿಯಾಗಿದ್ದರು. ಮನೆ ಹಿಮಾಯತ್‌ನಗರದಲ್ಲಿ. ಪ್ರತಿ ಶನಿವಾರ ಮಧ್ಯಾಹ್ನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೊಳ್ಳಲಿ ಬಿಡಲಿ, ನನ್ನ ಮೇಜಿನೆದುರು ಕೂತು ಒಂದು ಚಹಾ ಕುಡಿದು, ಧಾರವಾಡದ ಸುದ್ದಿ, ಬೀದರಿನ ಸುದ್ದಿ ಮಾತಾಡಿ ಹೋಗುತ್ತಿದ್ದರು. ಹೈದರಾಬಾದಿನ ರೂಪಾಯಿಗಳನ್ನು ವರ್ಷವಾರು ಕೂಡಿಸುವುದೊಂದೇ ಅವರ ಹವ್ಯಾಸ. ದೊಡ್ಡ ಸಂಬಳದವರೇನಲ್ಲ. ಬೇರೆಯವರು ಸ್ಕೂಟರ್ ಬಿಟ್ಟು ಕಾರು ಕೊಂಡಾಗ ಅವರು ಸ್ಕೂಟರಿನಲ್ಲೇ ಉಳಿದು ನಾಣ್ಯ ಕೊಂಡರು. ನೂರಕ್ಕೂ ಹೆಚ್ಚು ನಾಣ್ಯಗಳನ್ನು ನನ್ನ ಕೈಯಿಂದಲೇ ತೆಗೆದುಕೊಂಡಿದ್ದರು. ಅವರ ಸಾಲಿನಲ್ಲಿ ಖಾಲಿ ಉಳಿದಿದ್ದ ಜಾಗ ಒಂದೇ, ಚಾರ್‌ಮಿನಾರ್ ರೂಪಾಯಿಯ ನಮೂನೆಯದು.

ತೆಲಂಗಾಣ ಬೇರೆ ರಾಜ್ಯವಾಗಿ ಸ್ವಲ್ಪ ಕಾಲವಾಗಿತ್ತು. ಯುರೋಪಿನ ಹರಾಜೊಂದರಲ್ಲಿ ಆ ನಮೂನೆ ಕಾಣಿಸಿಕೊಂಡಿತು. ಚಿತ್ರ ಸಣ್ಣದು, ಬಲಭಾಗದ ಮೇಲೆ ಬೆಳಕು ಬಿದ್ದು ಬೆಳ್ಳಗಾಗಿತ್ತು. ನಾನು ಕಟ್ಟಿ ಸರ್‌ಗೆ ಫೋನ್ ಮಾಡಿದೆ. ಅವರು ಅರ್ಧ ತಾಸಿನೊಳಗೆ ಅಂಗಡಿಯಲ್ಲಿದ್ದರು.

‘ನೀವು ಏನಂತೀರಿ ಸುಮಿತ್ರಾಬಾಯಿ?’

‘ಇನ್ನೊಮ್ಮೆ ಸಿಗಂಗಿಲ್ಲ ಸರ್.’

‘ನೀವು ತಗೋ ಅಂದ್ರ ತಗೋತೀನಿ.’

‘ತಗೊಳ್ರಿ’ ಎಂದೆ. ಇನ್ನೊಂದು ಚಿತ್ರ ಕಳಿಸಿ ಎಂದು ಹರಾಜಿನವರಿಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ನಿವೃತ್ತಿಯಾದಾಗ ಬಂದ ಹಣದ ದೊಡ್ಡ ಪಾಲು ಆ ಒಂದು ರೂಪಾಯಿಗೆ ಹೋಯಿತು.

ಸುಂಕ ಕಟ್ಟಿ ಬಿಡಿಸಿಕೊಂಡ ಪಾರ್ಸೆಲನ್ನು ಶನಿವಾರ ಬೆಳಿಗ್ಗೆ ನಾನು ಬಿಚ್ಚಿದೆ. ಕಟ್ಟಿ ಸರ್ ಮಧ್ಯಾಹ್ನ ಬರುವವರಿದ್ದರು. ಭೂತಗನ್ನಡಿ ಹಿಡಿದ ಕೂಡಲೇ ಕಣ್ಣು ನೇರ ಬಲಗಡೆಯ ಮಿನಾರಿನ ಬುಡಕ್ಕೆ ಹೋಯಿತು. ಗೆರೆ ಅಲ್ಲಿತ್ತು. ಅಂಚು ತಿರುಗಿಸಿದೆ. ಅಕ್ಷರಗಳಿರಲಿಲ್ಲ. ಅವನ್ನು ಅರದಿಂದ ಉಜ್ಜಿ ತೆಗೆದು, ಅಂಚಿಗೆ ಹೊಸದಾಗಿ ಹಲ್ಲಿನಂಥ ಗೀರುಗಳನ್ನು ಕೊರೆದಿದ್ದರು. ತೂಕಕ್ಕಿಟ್ಟೆ. ಉಜ್ಜಿದಷ್ಟು ಕಡಿಮೆ ತೂಗಿತು. ಹದಿನೈದು ಇಪ್ಪತ್ತು ವರ್ಷ ಯಾವ ಯಾವ ದೇಶ ಸುತ್ತಿತ್ತೋ, ಯಾರ ಯಾರ ಕೈ ದಾಟಿತ್ತೋ, ನಾಚಾರಂನಲ್ಲಿ ಹುಟ್ಟಿದ ರೂಪಾಯಿ ನನ್ನ ಮೇಜಿಗೇ ಬಂದು ಕೂತಿತ್ತು.

ಸಾಹುಕಾರರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

‘ವಾಪಸ್ ಕಳಿಸೂಣ್ರಿ. ಖೋಟಾ ಬಂದದ ಅಂದ್ರ ಹರಾಜಿನವರು ರೊಕ್ಕ ಕೊಡ್ತಾರ’ ಎಂದೆ.

‘ಹೆಂಗ ಕಳಸ್ತಿ? ಅಸಲಿ ಅಂತ ಸುಂಕ ಕಟ್ಟಿ ತಂದೀವಿ. ಅಸಲಿ ಅಂದ್ರ ನೂರು ವರ್ಷ ದಾಟೇತಿ, ದೇಶ ಬಿಟ್ಟು ಹೋಗಂಗಿಲ್ಲ. ನಕಲಿ ಅಂತ ಪುರಾತತ್ವ ಇಲಾಖೆಯವರ ಕಡೆಯಿಂದ ಬರಸ್ಕೊಂಡ ಕಳಸಬೇಕು. ನಕಲಿ ಅಂತ ನಿಮಗ ಹೆಂಗ ಗೊತ್ತಾತು ಅಂತ ಕೇಳ್ತಾರ. ಆಗ ಏನ್ ಹೇಳ್ತಿ? ನಾವ ಮಾಡಿಸಿದ್ದು ಅಂತೀಯೇನು?’

ನಾನು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟೆ.

‘ನಲವತ್ತು ವರ್ಷದ ಹೆಸರು ತಂಗಿ. ಖೋಟಾ ನಾಣ್ಯ ಹೊಡಿಸಿ ಹೊರಗ ಕಳಿಸಿ ತಿರುಗಿ ತಂದು ಮಾರ್ತಾರ ಅಂತಾರ. ಯಾರು ನಂಬ್ತಾರ? ಕಟ್ಟಿಯವರಿಗೆ ಅದು ಬೇಕಾಗಿತ್ತು, ಸಿಕ್ಕೇತಿ. ಅವರ ಮನಸಿನ್ಯಾಗ ಅದು ಅಸಲಿ. ಹಂಗ ಇರಲಿ ಬಿಡು.’

ಮಧ್ಯಾಹ್ನ ಕಟ್ಟಿ ಸರ್ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬಳಿ ಹೋಗಿ ನಿಂತರು. ತಿರುಗಿದಾಗ ಕಣ್ಣುಗಳು ಒದ್ದೆಯಾಗಿದ್ದವು. ಕರವಸ್ತ್ರ ತೆಗೆದು ಮೊದಲು ಬೆರಳು ಒರೆಸಿಕೊಂಡರು, ಆಮೇಲೆ ಕಣ್ಣು.

‘ಹೆಂಗ ಅದ ಸುಮಿತ್ರಾಬಾಯಿ?’

‘ಭಾಳ ಚಂದ ಅದ ಸರ್’ ಎಂದೆ.

ಅದು ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈರಣ್ಣನವರ ಕೈಕೆಲಸ ಚಂದವಿದ್ದದ್ದು ನಿಜ.

ಆಮೇಲಿನ ಎರಡು ವರ್ಷಗಳ ಬಗ್ಗೆ ಬರೆಯುವುದು ಕಷ್ಟ. ಕಟ್ಟಿ ಸರ್ ಶನಿವಾರ ತಪ್ಪಿಸಲಿಲ್ಲ. ಒಮ್ಮೊಮ್ಮೆ ಆ ರೂಪಾಯಿಯನ್ನು ಸಣ್ಣ ಡಬ್ಬಿಯಲ್ಲಿಟ್ಟು ತರುತ್ತಿದ್ದರು. ಹೊಸದಾಗಿ ಏನೋ ಗಮನಕ್ಕೆ ಬಂದಿದೆ, ನೋಡಿ ಎನ್ನುತ್ತಿದ್ದರು. ಒಂದು ಸಲ ಆ ಗೆರೆಯನ್ನೇ ತೋರಿಸಿದರು. ಟಂಕಸಾಲೆಯ ಕುಶಲಕರ್ಮಿಯ ಕೈ ಜಾರಿರಬೇಕು, ಅದಕ್ಕೇ ಈ ಅಚ್ಚನ್ನು ಬಿಟ್ಟು ಬೇರೆ ಅಚ್ಚು ಮಾಡಿರಬೇಕು ಎಂದು ಅವರ ಊಹೆ. ಅದರ ಮೇಲೊಂದು ಲೇಖನ ಬರೆದು ನನ್ನಿಂದಲೇ ಟೈಪ್ ಮಾಡಿಸಿದರು. ನಾನು ಮಾಡಿಕೊಟ್ಟೆ. ಕಾಗುಣಿತದ ತಪ್ಪು ತಿದ್ದಿದೆ. ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಶುಕ್ರವಾರ ಬಂತೆಂದರೆ ನಾಳೆ ರಜೆ ಹಾಕಲೇ ಎಂದು ಯೋಚಿಸುತ್ತಿದ್ದೆ. ರಜೆ ಹಾಕಿದ ಶನಿವಾರ, ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಲು ಅವರು ಫೋನ್ ಮಾಡಿದರು. ಮುಂದಿನ ವಾರ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮೊದಲ ದಿನವೇ ಹೇಳಿದ್ದರೆ ಅದೊಂದು ಕೆಟ್ಟ ಸುದ್ದಿಯಾಗುತ್ತಿತ್ತು. ಒಂದು ತಿಂಗಳು ಕಳೆದ ಮೇಲೆ ಅದು ನನ್ನ ಅಪರಾಧವಾಗಿತ್ತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಡಬೇಕು. ಹೇಳುವುದಕ್ಕೆ ಇರುವುದು ಆ ಮೊದಲ ದಿನ ಮಾತ್ರ.

ಊರಿನ ನಾಣ್ಯ ಸಂಗ್ರಾಹಕರ ಕೂಟದವರು ಪ್ರದರ್ಶನವಿಟ್ಟಾಗ ಕಟ್ಟಿ ಸರ್ ಆ ರೂಪಾಯಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದರ ಬಗ್ಗೆ ಮಾತಾಡಿದರು. ಮರಾಠಿ ಸೀಮೆಯಿಂದ ಬಂದಿದ್ದ ಒಬ್ಬ ತರುಣ ಸಂಶೋಧಕ ಎದ್ದು ನಿಂತ. ಬಹಳ ಸೌಜನ್ಯದಿಂದಲೇ ಮಾತಾಡಿದ. ಇದೇ ಗೆರೆಯಿರುವ ಇನ್ನೂ ಮೂರು ನಾಣ್ಯಗಳನ್ನು ಬೇರೆ ಬೇರೆ ದೇಶಗಳ ಹರಾಜಿನಲ್ಲಿ ನೋಡಿದ್ದೇನೆ, ಮೂರರ ಅಂಚನ್ನೂ ಅರದಿಂದ ಉಜ್ಜಿದ್ದಾರೆ, ಇದು ಇತ್ತೀಚಿನ ನಕಲು ಎಂದು ನನ್ನ ಅನುಮಾನ ಎಂದ. ಕಟ್ಟಿ ಸರ್ ನಕ್ಕರು. ಮುಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿದರು.

‘ಸುಮಿತ್ರಾಬಾಯಿ, ಇವರಿಗೆ ಸ್ವಲ್ಪ ತಿಳಿಸಿ ಹೇಳ್ರಿ.’

‘ಇನ್ನೊಮ್ಮೆ ನೋಡಬೇಕಾಗ್ತದ ಸರ್’ ಎಂದೆ.

ಅವರ ನಗು ಇನ್ನೂ ಮುಖದ ಮೇಲಿತ್ತು, ಆದರೆ ಅದರ ಹಿಂದೆ ಏನೋ ಆರಿಹೋದದ್ದನ್ನು ನಾನು ಕಂಡೆ. ಆ ಶನಿವಾರ ಅವರು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಸುದ್ದಿ ಪತ್ರಿಕೆಯಲ್ಲಿ ಬಂತು, ನಾಣ್ಯದ ಚಿತ್ರದ ಸಮೇತ. ಎರಡು ದಿನಕ್ಕೆ ಈರಣ್ಣ ಬಡಿಗೇರರು ಆ ಪತ್ರಿಕೆ ಹಿಡಿದು ನಮ್ಮ ಮೆಟ್ಟಿಲು ಹತ್ತಿದರು. ಎಪ್ಪತ್ತು ದಾಟಿದ್ದರು. ಬಸ್ಸಿನಲ್ಲಿ ಬಂದು ಏದುಸಿರು ಬಿಡುತ್ತಿದ್ದರು.

‘ಅಕ್ಕಾರ, ಇದು ನನ್ನ ಕೆಲಸ ಅಲ್ಲೇನ್ರಿ? ಅದ ಗೆರಿ ನೋಡ್ರಿ. ಅಂಚಿನ ಮ್ಯಾಲಿನ ಅಕ್ಷರ ಯಾರೋ ತಿಕ್ಕಿ ತಗದಾರ. ಆ ಹಿರ್ಯಾರಿಗೆ ಹೋಗಿ ಹೇಳೂಣು ಬರ್ರಿ. ಪಾಪ, ಅಸಲಿ ಅಂತ ತಿಳ್ಕೊಂಡಾರ.’

ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರರು ಒಳಗಿನಿಂದ ಬಂದರು. ‘ನಿಂದಲ್ಲೋ ಮಾರಾಯಾ. ವಯಸ್ಸಾಗೇತಿ, ಕಣ್ಣು ಮಂಜಾಗ್ಯಾವ. ಮನಿಗೆ ಹೋಗು’ ಎಂದರು. ಈರಣ್ಣ ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿನ ಕಾಗದ ಜೋಡಿಸುತ್ತಿದ್ದೆ.

ಅವರು ಮನೆಗೆ ಹೋಗಲಿಲ್ಲ. ನೇರವಾಗಿ ಕೂಟದ ಕಾರ್ಯದರ್ಶಿಯ ಬಳಿ ಹೋಗಿ, ಇದು ನನ್ನ ಕೈಯಿಂದ ಆದದ್ದು, ನಕಲೆಂದು ಗುರುತು ಹಾಕಿಯೇ ಕೊಟ್ಟಿದ್ದೆ ಎಂದು ಹೇಳಿದರು. ಸತ್ಯ ಹೇಳಿದರೆ ಮುಗಿಯಿತು ಎಂದು ತಿಳಿದಿದ್ದರು. ಅದೇ ತರಹದ ರೂಪಾಯಿಯನ್ನು ಬೇರೆ ಕಡೆಯಿಂದ ತರಿಸಿ ಮೋಸಹೋಗಿದ್ದ ಊರಿನ ಇನ್ನೊಬ್ಬ ಸಂಗ್ರಾಹಕ ಪೊಲೀಸರಿಗೆ ದೂರು ಕೊಟ್ಟ. ನಾಚಾರಂನ ಶೆಡ್ಡಿಗೆ ಪೊಲೀಸರು ಬಂದರು. ಪ್ರೆಸ್ಸು, ಅಚ್ಚುಗಳು, ಉಳಿಗಳು ಎಲ್ಲವನ್ನೂ ಹೇರಿಕೊಂಡು ಹೋದರು. ಯಾರು ಮಾಡಿಸಿದರು ಎಂದು ಕೇಳಿದಾಗ ಈರಣ್ಣ ನಮ್ಮ ಅಂಗಡಿಯ ಹೆಸರು ಹೇಳಿದರು. ಅಂಥ ಆರ್ಡರ್ ನಾವು ಕೊಟ್ಟೇ ಇಲ್ಲ ಎಂದು ಸಾಹುಕಾರರು ಬರೆದುಕೊಟ್ಟರು.

ಮೂರು ವಾರ ಈರಣ್ಣನವರನ್ನು ದಿನಾ ಬೆಳಿಗ್ಗೆ ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂಡಿಸುತ್ತಿದ್ದರು. ನನಗೆ ಇದು ಗೊತ್ತಿತ್ತು. ಆರ್ಡರ್ ಪತ್ರದ ಕಾರ್ಬನ್ ಪ್ರತಿ, ಅಂಚೆಯ ಫಾರಂ, ರಸೀತಿ, ಮೂರೂ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿದ್ದವು. ಹರಿದು ಹಾಕು ಎಂದು ಸಾಹುಕಾರರು ಹೇಳಿದ್ದರು. ಹರಿಯಲಿಲ್ಲ, ಕೊಡಲೂ ಇಲ್ಲ. ಆ ಇಪ್ಪತ್ತೊಂದು ದಿನ ಬಸ್ಸು ಹತ್ತಿ ಇಳಿದು, ಮೇಜಿನೆದುರು ಕೂತು, ಇಮೇಲಿಗೆ ಉತ್ತರ ಬರೆದೆ. ಅನ್ನ ಕೊಟ್ಟವರನ್ನು ಹಿಡಿದು ಕೊಡುವುದು ಹೇಗೆ ಎಂದು ಒಂದು ಮನಸ್ಸು, ಏನೂ ಮಾಡದ ಮುದುಕರು ಬೆಂಚಿನ ಮೇಲಿದ್ದಾರೆ ಎಂದು ಇನ್ನೊಂದು.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಈರಣ್ಣನವರ ಹೆಂಡತಿ. ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ನಾನು ಬೈಯುತ್ತಾರೆಂದುಕೊಂಡೆ. ‘ಅವರು ನಿಮ್ಮ ಹೆಸರು ಹೇಳಾಕ ಒಲ್ಲೆ ಅಂತಾರವ್ವಾ. ಅಂಗಡಿ ಹೆಸರು ಅಷ್ಟ ಹೇಳ್ಯಾರ. ಆ ಅಕ್ಕಾರು ಪತ್ರ ಬರದಿದ್ರು, ಹೆಣಮಗಳು, ಠಾಣೇಕ ಯಾಕ ಎಳೀಬೇಕು ಅಂತಾರ. ನಾನ ಕೇಳಾಕ ಬಂದೀನಿ. ನಿಮ್ಮ ಕಡೆ ಏನಾದ್ರೂ ಕಾಗದ ಐತೇನು?’ ಎಂದರು.

ಆ ಸಂಜೆಯೇ ಮೂರೂ ಕಾಗದಗಳನ್ನು ತೆಗೆದುಕೊಂಡು ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ಗೆರೆಯ ವಿಷಯ, ಅಂಚಿನ ವಿಷಯ, ಪಾರ್ಸೆಲ್ ಬಂದ ದಿನವೇ ನನಗೆ ಗೊತ್ತಾದ ವಿಷಯ, ಎಲ್ಲವನ್ನೂ. ಕೂಟಕ್ಕೂ ಒಂದು ಪ್ರತಿ ಕಳಿಸಿದೆ. ಈರಣ್ಣನವರನ್ನು ಬಿಟ್ಟರು. ನಕಲು ಮಾಡಿಸಿದ್ದು ಅಪರಾಧವಲ್ಲವೆಂದೂ, ಗುರುತು ಅಳಿಸಿದವರು ಹೊರದೇಶದವರೆಂದೂ ಆಗಿ, ನಮ್ಮ ಮೇಲೂ ದೊಡ್ಡ ಮೊಕದ್ದಮೆ ನಿಲ್ಲಲಿಲ್ಲ.

ಮರುದಿನ ಸಾಹುಕಾರರು ನನ್ನನ್ನು ಕೂಡಿಸಿಕೊಂಡು ಮೆಲ್ಲಗೆ, ‘ಉಂಡ ಮನಿ ಜಂತಿ ಎಣಿಸಿದಿ ತಂಗಿ’ ಎಂದರು. ನನ್ನ ಕೊನೆಯ ಪಗಾರವನ್ನು ಲಕೋಟೆಯಲ್ಲಿಟ್ಟು ಎರಡೂ ಕೈಯಿಂದ ಕೊಟ್ಟರು. ಅಂಗಡಿಯೂ ಹೆಚ್ಚು ದಿನ ನಡೆಯಲಿಲ್ಲ. ಹೊರದೇಶದವರು ಪತ್ರಕ್ಕೆ ಉತ್ತರಿಸುವುದನ್ನೇ ನಿಲ್ಲಿಸಿದ್ದರು. ಸಾಹುಕಾರರು ಬಾಗಲಕೋಟೆಗೆ ಹೋದರೆಂದು ಕೇಳಿದೆ. ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತ ಮನುಷ್ಯ, ತಮ್ಮ ತಪ್ಪನ್ನು ಒಬ್ಬ ಬಡ ಕೆಲಸಗಾರನ ತಲೆಗೆ ಕಟ್ಟಿದರು. ಎರಡನ್ನೂ ಮಾಡಿದವರು ಒಬ್ಬರೇ. ಇದನ್ನು ನಾನು ಇವತ್ತಿಗೂ ಒಂದುಗೂಡಿಸಲಾರೆ.

ನಾಚಾರಂಗೆ ಹೋದಾಗ ಈರಣ್ಣ ಶೆಡ್ಡು ಖಾಲಿ ಮಾಡುತ್ತಿದ್ದರು. ಪೊಲೀಸರು ವಾಪಸ್ಸು ಕೊಟ್ಟ ಪ್ರೆಸ್ಸು ಮಳೆಯಲ್ಲಿ ನೆನೆದು ತುಕ್ಕು ಹಿಡಿದಿತ್ತು. ಪದಕ ಮಾಡಿಸುತ್ತಿದ್ದ ಶಾಲೆಗಳು ಬೇರೆಯವರನ್ನು ಹಿಡಿದಿದ್ದವು. ನಾನು ಕೈಮುಗಿದೆ.

‘ಅಚ್ಚು ತಿದ್ದಾಕ ಅವತ್ತ ಹದಿನೈದು ದಿನ ಕೊಡಬೇಕಾಗಿತ್ರಿ ಅಕ್ಕಾರ’ ಎಂದಷ್ಟೇ ಹೇಳಿದರು. ಅವರ ಮನಸ್ಸನ್ನು ಕೊರೆಯುತ್ತಿದ್ದದ್ದು ಠಾಣೆಯ ಬೆಂಚಲ್ಲ. ತಮ್ಮ ಕೆಟ್ಟ ಗೆರೆ ಊರಿನ ಪತ್ರಿಕೆಯಲ್ಲಿ ಅಚ್ಚಾದದ್ದು.

ಕಟ್ಟಿ ಸರ್ ಮನೆಗೆ ಹೋಗಲು ಇನ್ನೂ ಆರು ತಿಂಗಳು ಬೇಕಾಯಿತು. ಹಿಮಾಯತ್‌ನಗರದ ಎರಡನೇ ಮಹಡಿ. ಬಾಗಿಲು ತೆರೆದವರು ಅವರೇ. ಒಳಗೆ ಕರೆದು ಕೂಡಿಸಿದರು, ಸಿಟ್ಟು ಮಾಡಲಿಲ್ಲ. ನಾನು ತಪ್ಪಾಯಿತೆಂದೆ. ಆ ನಾಣ್ಯಕ್ಕೆ ಕೊಟ್ಟ ಹಣದಲ್ಲಿ ನನ್ನಿಂದಾದಷ್ಟನ್ನು ಕೊಡುತ್ತೇನೆಂದೆ. ಬೇಡವೆಂದು ಕೈಯಾಡಿಸಿದರು.

‘ಖೋಟಾ ಅಂತ ನನಗ ತಿಳೀಲಿಲ್ಲ, ಅದಕ್ಕ ಬ್ಯಾಸರಿಲ್ಲರಿ. ಮೋಸ ಹೋಗೂದು ಈ ಹವ್ಯಾಸದಾಗ ಇದ್ದದ್ದ. ನಾನು ಶನಿವಾರ ಬರ್ತಿದ್ದೆ. ನೀವು ಭೂತಗನ್ನಡಿ ಹಿಡದು ನೋಡಿ, ಭಾಳ ಚಂದ ಅದ ಸರ್ ಅಂತಿದ್ರಿ. ನಾನು ಮನೀಗೆ ಬಂದು ಇಕಿಗೂ ಹಂಗ ಹೇಳ್ತಿದ್ದೆ’ ಎಂದು ಹೆಂಡತಿಯ ಕಡೆ ತೋರಿಸಿದರು. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಮತ್ತೆ ನನ್ನತ್ತ ತಿರುಗಿ ಕೇಳಿದರು. ‘ಒಂದು ಮಾತು ಕೇಳ್ಬೇಕಂತ ಇದ್ದೆ. ನಿಮ್ಮ ಕಡೆಯಿಂದ ತಗೊಂಡದ್ದು ನೂರರ ಮ್ಯಾಲೆ ಅವ. ಅವುಗಳೊಳಗ ಮತ್ತ ಯಾವುದಾದರೂ…’

‘ಇಲ್ಲ ಸರ್. ಆಣೆ ಮಾಡಿ ಹೇಳ್ತೀನಿ. ಒಂದೊಂದೂ ಅಸಲಿ.’

‘ಹೌದಾ?’ ಎಂದರು. ಚುಚ್ಚುವ ದನಿಯಲ್ಲಿ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು, ಒಂದು ಕಾಲದಲ್ಲಿ ನಾಣ್ಯವನ್ನು ನೋಡುತ್ತಿದ್ದಂತೆ. ಆಮೇಲೆ ತಲೆ ಅಲ್ಲಾಡಿಸಿದರು. ‘ಹಂಗಂತ ಹೇಳ್ಲಿಕ್ಕತ್ತವರು ನೀವ ಅಲ್ಲೇನ್ರಿ. ನಾನು ಹೆಂಗ ನಂಬ್ಲಿ?’

ಎಲ್ಲವನ್ನೂ ಹೊರಗೆ ತೆಗೆಯಿರಿ, ನಿಮ್ಮೆದುರೇ ಒಂದೊಂದಾಗಿ ತೂಕ ಹಾಕಿ ತೋರಿಸುತ್ತೇನೆ, ನಾನು ಬೇಡವಾದರೆ ಬೇರೆಯವರನ್ನು ಕರೆಸೋಣ ಎಂದೆ.

‘ಬ್ಯಾಡ್ರಿ. ಕಪಾಟಿನ ಬಾಗಲಾ ತಗದು ನೋಡೂದನ್ನ ನಾನು ಬಿಟ್ಟು ಭಾಳ ದಿನಾ ಆತು’ ಎಂದು ಎದ್ದು ನಿಂತರು. ನಾನೂ ಎದ್ದೆ.

ಅವರು ಈಗಿಲ್ಲ. ಆ ಕಪಾಟು ಯಾರ ಪಾಲಿಗೆ ಹೋಯಿತೋ ತಿಳಿಯದು. ಅದರಲ್ಲಿರುವ ರೂಪಾಯಿಗಳನ್ನು ಮೂವತ್ತು ವರ್ಷದಲ್ಲಿ ಒಂದೊಂದಾಗಿ ಹುಡುಕಿ, ತೂಗಿ, ನೋಡಿ ಕೊಟ್ಟವಳು ನಾನು. ಒಂದನ್ನು ಬಿಟ್ಟರೆ ಅವೆಲ್ಲ ಅಸಲಿ. ಇದನ್ನು ಓದುವವರ ಕೈಗೆ ಅವು ಎಂದಾದರೂ ಬಂದರೆ ನಂಬಿ ಎಂದು ನಾನು ಹೇಳುವುದಿಲ್ಲ. ದಯವಿಟ್ಟು ಚೆನ್ನಾಗಿ ನೋಡಿ.